ತಪ್ಪು ಹುಡುಕುವ ತಂತ್ರಾಂಶಕ್ಕೂ ಒಬ್ಬ ನಿರ್ವಾಹಕ ಬೇಕು

ಸುಗ್ಗಿಯ ದಿನಗಳಲ್ಲಿ ರಾಯಚೂರಿನ ರಾಜೇಂದ್ರ ಗಂಜ್‌ಗೆ ಹೋಗಿಬಂದವರಿಗೆ ಹತ್ತಿ ವ್ಯಾಪಾರದ ರೀತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. ದೇವದುರ್ಗ, ಮಾನ್ವಿ ಕಡೆಯಿಂದ ರೈತರು ಅಂಡಿಗೆ ತುಂಬಿ ತಂದ ಹತ್ತಿಯೊಳಗೆ ಖರೀದಿದಾರ ಕೈ ಹಾಕಿ ಒಂದು ಹಿಡಿ ಹೊರಗೆಳೆಯುತ್ತಾನೆ. ಎಳೆ ಎಷ್ಟು ಉದ್ದವಿದೆ, ತೇವ ಎಷ್ಟಿದೆ, ಎಲೆಚೂರು ಎಷ್ಟು ಸೇರಿದೆ ಎಂದು ನೋಡಿದ ಮೇಲೆಯೇ ದರದ ಮಾತು. ಅಲ್ಲಿಂದ ಹತ್ತಿ ಜಿನ್ನಿಂಗ್ ಕಾರ್ಖಾನೆಗೆ ಹೋಗುತ್ತದೆ. ಒಂದು ಕ್ವಿಂಟಲ್ ಹತ್ತಿಯಲ್ಲಿ ಅರಳೆ ಸಿಗುವುದು ಸುಮಾರು ಮೂರನೆಯ ಒಂದು ಭಾಗ. ಉಳಿದದ್ದು ಬಹುಪಾಲು ಹತ್ತಿಕಾಳು. ಕಾಳಿನಿಂದ ಬಿಡಿಸಿದ ಈ ಅರಳೆಗೆ ಇಂಗ್ಲಿಷಿನಲ್ಲಿ ‘ಲಿಂಟ್’ ಎಂದು ಹೆಸರು. ಒಗೆದ ಬಟ್ಟೆಗೆ ಅಂಟಿಕೊಂಡು ಕಿರಿಕಿರಿ ಮಾಡುವ ಸಣ್ಣ ಎಳೆಗಳಿಗೂ ಅದೇ ಹೆಸರು.

1978ರ ಸುಮಾರಿಗೆ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಸ್ಟೀಫನ್ ಜಾನ್ಸನ್ ಎಂಬ ಗಣಕ ವಿಜ್ಞಾನಿ ತಾವು ಬರೆದ ಒಂದು ತಂತ್ರಾಂಶಕ್ಕೆ ಇದೇ ‘ಲಿಂಟ್’ ಎಂಬ ಹೆಸರನ್ನು ಇಟ್ಟರು. ‘ಸಿ’ ಭಾಷೆಯಲ್ಲಿ ಬರೆದ ಪ್ರೋಗ್ರಾಂಗಳನ್ನು ಓದಿ, ಅವುಗಳಿಗೆ ಅಂಟಿಕೊಂಡಿರುವ ಎಳೆಯಂಥ ಸಣ್ಣ ದೋಷಗಳನ್ನು ತೋರಿಸುವುದು ಅದರ ಕೆಲಸ. ಈಗ ಹೆಚ್ಚುಕಡಿಮೆ ಪ್ರತಿಯೊಂದು ಗಣಕ ಭಾಷೆಗೂ ಇಂಥ ಪರೀಕ್ಷಕ ತಂತ್ರಾಂಶಗಳಿವೆ. ಎಲ್ಲಕ್ಕೂ ಸೇರಿ ‘ಲಿಂಟರ್’ ಎಂಬ ಹೆಸರು ಬಿದ್ದಿದೆ. ಇವುಗಳಲ್ಲಿ ಬಹಳಷ್ಟು ಮುಕ್ತ ತಂತ್ರಾಂಶಗಳು. ಎಂದರೆ ಅವುಗಳ ಮೂಲ ಸಂಕೇತವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಇನ್ನೊಬ್ಬರಿಗೆ ಕೊಡಬಹುದು. ಗಣಕ ವಿಜ್ಞಾನ ಓದುತ್ತಿರುವ ವಿದ್ಯಾರ್ಥಿ ದೊಡ್ಡ ಊರಿಗೆ ಹೋಗದೆ ಕೈ ಹಾಕಬಹುದಾದ ಕೆಲಸ ಇದು. ಆದರೆ ಇದರಲ್ಲಿ ಸುಲಭವಾದ ಭಾಗ ಯಾವುದು, ಕಠಿಣವಾದ ಭಾಗ ಯಾವುದು ಎಂಬುದನ್ನು ವಿದ್ಯಾರ್ಥಿಗಳೂ ಪಾಲಕರೂ ಮೊದಲೇ ತಿಳಿದಿರುವುದು ಒಳ್ಳೆಯದು.

ವ್ಯಾಕರಣ ಸರಿ, ಅರ್ಥ ತಪ್ಪು

‘ಅಪ್ಪ ಮಾರುಕಟ್ಟೆಯನ್ನು ಹತ್ತಿಗೆ ಮಾರಿದ’ ಎಂಬ ವಾಕ್ಯದಲ್ಲಿ ಕರ್ತೃ, ಕರ್ಮ, ಕ್ರಿಯೆ, ವಿಭಕ್ತಿ ಎಲ್ಲವೂ ಇವೆ. ವ್ಯಾಕರಣದಲ್ಲಿ ತಪ್ಪಿಲ್ಲ, ಆದರೆ ಹೇಳಬೇಕಾಗಿದ್ದು ಅದಲ್ಲ. ಗಣಕದ ಪ್ರೋಗ್ರಾಂಗಳಲ್ಲೂ ಹೀಗಾಗುತ್ತದೆ. ಪ್ರೋಗ್ರಾಮನ್ನು ಯಂತ್ರಭಾಷೆಗೆ ಇಳಿಸುವ ಕಂಪೈಲರ್ ಮುಖ್ಯವಾಗಿ ವ್ಯಾಕರಣವನ್ನು ನೋಡುತ್ತದೆ. ವ್ಯಾಕರಣ ಸರಿಯಿದ್ದರೆ ಹೇಳಿದಂತೆ ಮಾಡುತ್ತದೆ. ‘ಸಿ’ ಭಾಷೆಯಲ್ಲಿ ಎರಡು ಸಂಖ್ಯೆಗಳು ಸಮವೇ ಎಂದು ಕೇಳಲು == ಎಂದು ಎರಡು ಗೆರೆಜೋಡಿ ಹಾಕಬೇಕು. ಅವಸರದಲ್ಲಿ = ಎಂದು ಒಂದೇ ಹಾಕಿದರೆ ‘ಸಮವೇ?’ ಎಂಬ ಪ್ರಶ್ನೆ ‘ಸಮ ಮಾಡು’ ಎಂಬ ಆಜ್ಞೆಯಾಗಿ ಬಿಡುತ್ತದೆ. ಪ್ರೋಗ್ರಾಂ ನಿಲ್ಲುವುದಿಲ್ಲ, ತಪ್ಪು ಉತ್ತರ ಕೊಡುತ್ತ ಸಾಗುತ್ತದೆ. ಇಂಥ ಜಾಗದಲ್ಲಿ ‘ಇದು ನಿಜವಾಗಿಯೂ ನೀನು ಹೇಳಬೇಕೆಂದಿದ್ದ ಮಾತೇ?’ ಎಂದು ಕೇಳುವುದು ಲಿಂಟರ್‌ನ ಕೆಲಸ.

ಸಣ್ಣ ತಪ್ಪು ಎಷ್ಟು ದೊಡ್ಡದಾಗಬಹುದು ಎಂಬುದಕ್ಕೆ 2014ರ ಫೆಬ್ರುವರಿಯಲ್ಲಿ ಬೆಳಕಿಗೆ ಬಂದ ಒಂದು ಪ್ರಸಂಗ ಸಾಕ್ಷಿ. ಆ್ಯಪಲ್ ಕಂಪನಿಯ ಫೋನು ಮತ್ತು ಕಂಪ್ಯೂಟರುಗಳಲ್ಲಿ, ಅಂತರಜಾಲದಲ್ಲಿ ಎದುರಿಗಿರುವ ತಾಣ ನಿಜವಾದದ್ದೋ ಅಲ್ಲವೋ ಎಂದು ಪರೀಕ್ಷಿಸುವ ಭಾಗವೊಂದಿತ್ತು. ಅದರಲ್ಲಿ ‘ಗೋಟೂ ಫೇಲ್’ ಎಂಬ ಒಂದೇ ಸಾಲು ಅಕಸ್ಮಾತ್ತಾಗಿ ಎರಡು ಸಲ ಬಂದಿತ್ತು. ಎರಡನೆಯ ಸಾಲಿಗೆ ಯಾವ ಷರತ್ತೂ ಇಲ್ಲದ್ದರಿಂದ ಅದರ ಕೆಳಗಿದ್ದ ಮುಖ್ಯ ಪರೀಕ್ಷೆ ನಡೆಯುತ್ತಲೇ ಇರಲಿಲ್ಲ. ‘ಈ ಸಾಲಿನ ಕೆಳಗಿನದನ್ನು ಗಣಕ ಎಂದೂ ತಲುಪುವುದಿಲ್ಲ’ ಎಂದು ಎಚ್ಚರಿಸುವುದು ಪರೀಕ್ಷಕ ತಂತ್ರಾಂಶಗಳಿಗೆ ಕಷ್ಟದ ಕೆಲಸವೇನಲ್ಲ. ಅನುಭವಸ್ಥರ ಕಣ್ಣು ದಣಿದಾಗಲೂ ಅವು ದಣಿಯುವುದಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುವ ಹಾಗೆ ತಾನು ಬರೆದ ಪ್ರೋಗ್ರಾಮಿನ ದೋಷ ತನಗೆ ಕಾಣದೇ ಹೋದಾಗ ನೆರವಿಗೆ ಬರುವುದು ಇವೇ.

ಹತ್ತಕ್ಕೆ ಎಷ್ಟು ಅಂಕ?

ಇಂದು ಕಾಲೇಜುಗಳಲ್ಲಿ ಹೆಚ್ಚು ಕಲಿಸುವ ಭಾಷೆಗಳಲ್ಲಿ ‘ಪೈಥಾನ್’ ಒಂದು. ಅದಕ್ಕಾಗಿ ಇರುವ ‘ಪೈಲಿಂಟ್’ ಎಂಬ ಮುಕ್ತ ತಂತ್ರಾಂಶ ವಿದ್ಯಾರ್ಥಿಗಳಿಗೆ ಬೇಗ ಹಿಡಿಸುತ್ತದೆ, ಏಕೆಂದರೆ ಅದು ಮೇಷ್ಟರಂತೆ ಅಂಕ ಕೊಡುತ್ತದೆ. ಫ್ರಾನ್ಸಿನ ಲಾಜಿಲ್ಯಾಬ್ ಎಂಬ ಸಂಸ್ಥೆಯಲ್ಲಿ ಹುಟ್ಟಿದ ಇದನ್ನು ಎರಡು ದಶಕಗಳಿಗೂ ಹೆಚ್ಚು ಕಾಲದಿಂದ ಬೇರೆ ಬೇರೆ ಜನ ನಡೆಸಿಕೊಂಡು ಬಂದಿದ್ದಾರೆ.

ಅಂಕ ಕೊಡುವ ಲೆಕ್ಕ ಸರಳ. ದೊಡ್ಡ ದೋಷ ಒಂದಕ್ಕೆ 5, ಉಳಿದ ಸಣ್ಣ ದೂರುಗಳಿಗೆ ತಲಾ 1 ಎಂದು ಕೂಡಿಸಬೇಕು. ಬಂದ ಮೊತ್ತವನ್ನು ಪ್ರೋಗ್ರಾಮಿನ ಹೇಳಿಕೆಗಳ ಸಂಖ್ಯೆಯಿಂದ ಭಾಗಿಸಿ, ಹತ್ತರಿಂದ ಗುಣಿಸಿ, ಹತ್ತರಲ್ಲಿ ಕಳೆಯಬೇಕು. 20 ಹೇಳಿಕೆಗಳ ಪ್ರೋಗ್ರಾಮಿನಲ್ಲಿ ಒಂದು ದೊಡ್ಡ ದೋಷ, ಮೂರು ಸಣ್ಣ ದೂರು ಇದ್ದರೆ ಮೊತ್ತ 8. ಅದನ್ನು 20ರಿಂದ ಭಾಗಿಸಿ 10ರಿಂದ ಗುಣಿಸಿದರೆ 4. ಹತ್ತರಲ್ಲಿ ನಾಲ್ಕು ಕಳೆದರೆ ಆ ಪ್ರೋಗ್ರಾಮಿಗೆ 6 ಅಂಕ.

ಹತ್ತಕ್ಕೆ ಹತ್ತು ತೆಗೆದುಕೊಂಡ ಪ್ರೋಗ್ರಾಂ ಸರಿಯಾಗಿಯೇ ಕೆಲಸ ಮಾಡುತ್ತದೆ ಎಂದು ಮಾತ್ರ ಯಾರೂ ತಿಳಿಯಬಾರದು. ಅಕ್ಷರ ದುಂಡಗಿದ್ದ ಮಾತ್ರಕ್ಕೆ ಉತ್ತರ ಸರಿ ಎನ್ನಲಾಗುವುದಿಲ್ಲ. ಲಿಂಟರ್ ಕೊಡುವುದು ಅನುಮಾನದ ಪಟ್ಟಿಯನ್ನು. ತೀರ್ಪು ಕೊಡಬೇಕಾದವನು ಪ್ರೋಗ್ರಾಂ ಬರೆದವನೇ.

ಸೊನ್ನೆ ಮತ್ತು ಅನುಸ್ವಾರ

ಇಂಥದೊಂದು ಪರೀಕ್ಷಕವನ್ನು ವಿದ್ಯಾರ್ಥಿಯೊಬ್ಬಳು ತಾನೇ ಬರೆಯಬಹುದೇ? ಖಂಡಿತ ಬರೆಯಬಹುದು. ಅದೂ ಹೊರದೇಶದವರಿಗೆ ಹೊಳೆಯದ, ಕನ್ನಡಿಗರಿಗೇ ತಿಳಿಯುವ ಒಂದು ದೋಷಕ್ಕಾಗಿ.

2008ರಲ್ಲಿ ಬಂದ ಪೈಥಾನ್‌ನ ಮೂರನೆಯ ಆವೃತ್ತಿಯಿಂದ ಪ್ರೋಗ್ರಾಮಿನೊಳಗಿನ ಹೆಸರುಗಳನ್ನು ಕನ್ನಡ ಅಕ್ಷರಗಳಲ್ಲೇ ಬರೆಯಲು ಅವಕಾಶವಿದೆ. ‘ಅಂಕ’ ಎಂದೇ ಹೆಸರಿಟ್ಟು ಅದರಲ್ಲಿ ಒಂದು ಸಂಖ್ಯೆಯನ್ನು ಇಡಬಹುದು. ಆದರೆ ಕನ್ನಡದ ಅನುಸ್ವಾರವೂ ಕನ್ನಡದ ಸೊನ್ನೆಯೂ ನೋಡಲು ಒಂದೇ ತರಹ. ಕೀಲಿಮಣೆಯಲ್ಲಿ ಬೆರಳು ತಪ್ಪಿ ‘ಅಂಕ’ ಎನ್ನುವಲ್ಲಿ ‘ಅ೦ಕ’ ಎಂದು ಸೊನ್ನೆ ಬಿದ್ದರೆ ಓದುವವರಿಗೆ ಗೊತ್ತೇ ಆಗುವುದಿಲ್ಲ. ಗಣಕಕ್ಕೆ ಗೊತ್ತಾಗುತ್ತದೆ. ಜಗತ್ತಿನ ಲಿಪಿಗಳಿಗೆಲ್ಲ ಒಂದೊಂದು ಸಂಖ್ಯೆ ಕೊಟ್ಟಿರುವ ಯೂನಿಕೋಡ್ ಪಟ್ಟಿಯಲ್ಲಿ ಕನ್ನಡ ಅನುಸ್ವಾರದ ಸಂಖ್ಯೆ 3202, ಕನ್ನಡ ಸೊನ್ನೆಯದು 3302. ಕಣ್ಣಿಗೆ ಒಂದೇ ಆದರೂ ನಡುವೆ ಸರಿಯಾಗಿ ನೂರರ ಅಂತರ. ಹೀಗಾಗಿ ‘ಅಂಕ’, ‘ಅ೦ಕ’ ಎಂಬುವು ಗಣಕದ ಮಟ್ಟಿಗೆ ಎರಡು ಬೇರೆ ಹೆಸರುಗಳು. ಒಂದರಲ್ಲಿ ಇಟ್ಟ ಸಂಖ್ಯೆ ಇನ್ನೊಂದರಲ್ಲಿ ಸಿಗುವುದಿಲ್ಲ.

ಪ್ರೋಗ್ರಾಮಿನ ಹೊರಗೂ ಈ ತೊಂದರೆ ಇದೆ. ಶಾಲೆಯ ಪಟ್ಟಿಯಲ್ಲಿ ಒಂದು ಕಡೆ ‘ಮಂಜುಳಾ’ ಎಂದೂ ಇನ್ನೊಂದು ಕಡೆ ಸೊನ್ನೆ ಬಿದ್ದು ‘ಮ೦ಜುಳಾ’ ಎಂದೂ ಇದ್ದರೆ ಗಣಕ ಇಬ್ಬರು ಹುಡುಗಿಯರನ್ನು ಎಣಿಸುತ್ತದೆ. ಹೆಸರು ಹುಡುಕಿದರೆ ಒಬ್ಬಳು ಮಾತ್ರ ಸಿಗುತ್ತಾಳೆ. ಅದು ವಿದ್ಯಾರ್ಥಿವೇತನದ ಪಟ್ಟಿಯಾಗಿದ್ದರೆ ಏನಾಗಬಹುದೆಂದು ಪಾಲಕರೇ ಊಹಿಸಬಹುದು.

ದೇವದುರ್ಗದಿಂದ ರಾಯಚೂರಿಗೆ ಬಂದು ಬಿ.ಸಿ.ಎ. ಓದುತ್ತಿರುವ ಒಬ್ಬ ವಿದ್ಯಾರ್ಥಿನಿ ಈ ದೋಷವನ್ನು ಹಿಡಿಯುವ ಸಣ್ಣ ತಂತ್ರಾಂಶ ಬರೆದಳು ಎಂದಿಟ್ಟುಕೊಳ್ಳಿ. ಇಪ್ಪತ್ತು ಸಾಲು ಸಾಕು. ಕಡತವನ್ನು ತೆರೆ, ಒಂದೊಂದೇ ಅಕ್ಷರ ಓದು, 3302 ಕಂಡಲ್ಲಿ ಸಾಲಿನ ಸಂಖ್ಯೆಯ ಜೊತೆಗೆ ‘ಇಲ್ಲಿ ಸೊನ್ನೆ ಇದೆ, ನೋಡು’ ಎಂದು ಬರೆ. ಒಂದು ಭಾನುವಾರದ ಕೆಲಸ. ಅದನ್ನು ಆಕೆ ಮುಕ್ತ ತಂತ್ರಾಂಶವಾಗಿ ಬಿಡುಗಡೆ ಮಾಡುತ್ತಾಳೆ. ಕಷ್ಟದ ಭಾಗ ಶುರುವಾಗುವುದು ಸೋಮವಾರದಿಂದ.

ಮೊದಲ ದೂರು

ಮಾನ್ವಿಯಲ್ಲಿ ಡಿಟಿಪಿ ಅಂಗಡಿ ಇಟ್ಟವರೊಬ್ಬರು ಅದನ್ನು ತಮ್ಮ ಒಂದು ಪುಸ್ತಕದ ಕಡತದ ಮೇಲೆ ಓಡಿಸುತ್ತಾರೆ ಎನ್ನಿ. ಪುಸ್ತಕದ ತುಂಬ ‘೧೦’, ‘೨೦೨೪’ ಎಂದು ಕನ್ನಡ ಅಂಕಿಗಳಿವೆ. ಇದ್ದಷ್ಟೂ ಸೊನ್ನೆಗಳ ಮೇಲೆ ದೂರು ಬರುತ್ತದೆ. ಅವರು ಫೋನ್ ಮಾಡಿ, ‘ತಂಗೀ, ಪುಟಕ್ಕ ಇಪ್ಪತ್ತು ಸುಳ್ಳು ದೂರು ಬರಾಕತ್ತಾವ. ಇದರಾಗ ಖರೇದು ಯಾವುದು ಅಂತ ಹುಡುಕೂದ ಒಂದು ಕೆಲಸ ಆಗ್ಯದ’ ಎನ್ನುತ್ತಾರೆ.

ಈ ಮಾತು ಎಲ್ಲ ಲಿಂಟರ್‌ಗಳ ಜೀವಾಳ. ನೂರು ದೂರಿನಲ್ಲಿ ತೊಂಬತ್ತು ಸುಳ್ಳಾದರೆ ಜನ ಉಳಿದ ಹತ್ತನ್ನೂ ಓದುವುದಿಲ್ಲ. ತೋಳ ಬಂತೆಂದು ಕೂಗಿದ ಹುಡುಗನ ಕಥೆಯೇ ಇದು. ಆದ್ದರಿಂದ ವಿದ್ಯಾರ್ಥಿನಿ ನಿಯಮವನ್ನು ಬದಲಿಸುತ್ತಾಳೆ: ಸೊನ್ನೆಯ ಹಿಂದೆ ಕನ್ನಡ ಅಕ್ಷರವಿದ್ದು, ಮುಂದೆ ಅಂಕಿ ಇಲ್ಲದಿದ್ದರೆ ಮಾತ್ರ ದೂರು. ‘೧೦’ ಈಗ ಪಾರಾಗುತ್ತದೆ, ‘ಅ೦ಕ’ ಸಿಕ್ಕಿಬೀಳುತ್ತದೆ. ಸಾಲಿನ ಸಂಖ್ಯೆ ಕೊಡಲು ‘ಹತ್ತಿ೦೧’ ಎಂದು ಬೇಕೆಂದೇ ಬರೆದದ್ದೂ ಪಾರಾಗುತ್ತದೆ.

ಮುಂದಿನ ವಾರ ಇನ್ನೊಬ್ಬರು ತಿರುಗುಮುರುಗಿನ ತಪ್ಪನ್ನು ತೋರಿಸುತ್ತಾರೆ. ಹತ್ತು ಎಂದು ಬರೆಯುವಾಗ ಸೊನ್ನೆಯ ಬದಲು ಅನುಸ್ವಾರ ಬಿದ್ದು ‘೧ಂ’ ಆಗಿದೆ. ತಂತ್ರಾಂಶ ಅದನ್ನು ಹಿಡಿಯಲಿಲ್ಲ. ಅದಕ್ಕೊಂದು ಹೊಸ ನಿಯಮ. ಮೂರನೆಯವರು ‘ತಪ್ಪು ತೋರಿಸುವುದೇಕೆ, ನೀವೇ ತಿದ್ದಿಬಿಡಿ’ ಎನ್ನುತ್ತಾರೆ. ಇಲ್ಲಿ ಆಕೆ ಯೋಚಿಸಬೇಕು. ಯಾರೋ ಅವಸರದಲ್ಲಿ ನಡುವೆ ಜಾಗ ಬಿಡದೆ ‘ಅಂಕ೦’ ಎಂದು ಬರೆದಿದ್ದರೆ ಅಲ್ಲಿರುವುದು ನಿಜವಾದ ಸೊನ್ನೆ. ಕೇಳದೆ ತಿದ್ದಿದರೆ ಸೊನ್ನೆ ಅಂಕ ಪಡೆದವನ ಅಂಕವೇ ಮಾಯ. ಹೀಗಾಗಿ ತಿದ್ದುವ ಮುನ್ನ ಪ್ರತಿ ಸಲ ಬಳಸುವವರನ್ನು ಕೇಳಬೇಕು ಎಂದು ತೀರ್ಮಾನಿಸುತ್ತಾಳೆ. ನಾಲ್ಕನೆಯವರ ಕಡತದಲ್ಲಿ ಏನೂ ಸಿಗುವುದಿಲ್ಲ. ನೋಡಿದರೆ ಅದು ಹಳೆಯ, ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಬೆರಳಚ್ಚು ಮಾಡಿದ್ದು. ಅದರಲ್ಲಿ ಅಕ್ಷರಗಳ ಸಂಖ್ಯೆಗಳೇ ಬೇರೆ. ಮೊದಲು ಕಡತವನ್ನು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು ಎಂದು ಕೈಪಿಡಿಯಲ್ಲಿ ಬರೆದಿಡಬೇಕಾಗುತ್ತದೆ.

ಇಪ್ಪತ್ತು ಸಾಲಿನ ತಂತ್ರಾಂಶಕ್ಕೆ ತಿಂಗಳೊಳಗೆ ಬಂದ ಕೆಲಸ ಇಷ್ಟು. ಇದನ್ನೇ ನಿರ್ವಹಣೆ ಎನ್ನುವುದು. ಬಂದ ಪ್ರತಿ ದೂರನ್ನೂ ಆಕೆ ಒಂದು ಪರೀಕ್ಷಾ ಕಡತದಲ್ಲಿ ಒಂದೊಂದು ಸಾಲಾಗಿ ಬರೆದಿಟ್ಟುಕೊಂಡರೆ, ಮುಂದೆ ಏನನ್ನೇ ಬದಲಿಸಿದಾಗಲೂ ಎಲ್ಲ ಸಾಲುಗಳನ್ನೂ ಮತ್ತೆ ಓಡಿಸಿ ನೋಡಬಹುದು. ಒಮ್ಮೆ ತಿದ್ದಿದ ತಪ್ಪು ಮತ್ತೆ ತಲೆ ಎತ್ತದಂತೆ ಕಾಯುವ ದಾರಿ ಇದೊಂದೇ.

ಮೂರು ಅಂಕಿಗಳ ಮಾತು

ತಂತ್ರಾಂಶಗಳ ಹೆಸರಿನ ಮುಂದೆ 1.4.2 ಎಂಬಂಥ ಸಂಖ್ಯೆಗಳನ್ನು ಎಲ್ಲರೂ ನೋಡಿರುತ್ತಾರೆ. ಅದು ಬಳಸುವವರಿಗೆ ಕೊಟ್ಟ ಮಾತು. ತಪ್ಪು ತಿದ್ದಿದ್ದಷ್ಟೇ ಆದರೆ ಕೊನೆಯ ಅಂಕಿ ಏರುತ್ತದೆ. ಹಳೆಯದನ್ನು ಕೆಡಿಸದೆ ಹೊಸ ಸೌಲಭ್ಯ ಸೇರಿಸಿದರೆ ನಡುವಿನ ಅಂಕಿ. ಹಳೆಯ ಪದ್ಧತಿಯನ್ನೇ ಬದಲಿಸಿದರೆ ಮೊದಲ ಅಂಕಿ. ದೇವದುರ್ಗದ ವಿದ್ಯಾರ್ಥಿನಿಯ ಮೊದಲ ಬಿಡುಗಡೆ 0.1.0 ಆದರೆ, ಸುಳ್ಳು ದೂರು ತಿದ್ದಿದ್ದು 0.1.1, ‘೧ಂ’ ಹಿಡಿಯುವ ನಿಯಮ ಸೇರಿಸಿದ್ದು 0.2.0. ಮೊದಲ ಅಂಕಿ ಸೊನ್ನೆ ಇರುವ ತನಕ ‘ಇನ್ನೂ ಪಕ್ವವಾಗಿಲ್ಲ’ ಎಂದು ಅರ್ಥ. 1.0.0 ಎಂದು ಬರೆದ ದಿನದಿಂದ ಆಜ್ಞೆಗಳ ಹೆಸರನ್ನೂ ದೂರು ಬರೆಯುವ ರೀತಿಯನ್ನೂ ಮನಸ್ಸಿಗೆ ಬಂದಂತೆ ಬದಲಿಸುವಂತಿಲ್ಲ.

ಲಿಂಟರ್‌ಗಳಲ್ಲಿ ಇದಕ್ಕೆ ವಿಶೇಷ ತೂಕವಿದೆ. ಹೊಸ ನಿಯಮವೊಂದನ್ನು ಸೇರಿಸಿದರೆ ನಿನ್ನೆವರೆಗೆ ಪಾಸಾಗುತ್ತಿದ್ದ ಸಾವಿರಾರು ಪ್ರೋಗ್ರಾಂಗಳು ಇಂದು ಬೆಳಿಗ್ಗೆ ನಪಾಸಾಗಬಹುದು. 2013ರಲ್ಲಿ ನಿಕೊಲಸ್ ಝಾಕಸ್ ಆರಂಭಿಸಿದ, ಜಾವಾಸ್ಕ್ರಿಪ್ಟ್ ಭಾಷೆಯ ‘ಇಎಸ್‌ಲಿಂಟ್’ ಎಂಬ ಪ್ರಸಿದ್ಧ ಪರೀಕ್ಷಕ, ತಾನು ಶಿಫಾರಸು ಮಾಡುವ ನಿಯಮಗಳ ಪಟ್ಟಿಗೆ ಹೊಸದನ್ನು ಸೇರಿಸುವುದು ಮೊದಲ ಅಂಕಿ ಬದಲಾಗುವ ದೊಡ್ಡ ಬಿಡುಗಡೆಗಳಲ್ಲಿ ಮಾತ್ರ.

ಬಿಡುಗಡೆಗೆ ಮುನ್ನ ಮಾಡಬೇಕಾದ ಕೆಲಸಗಳು ಹೀಗಿವೆ:

1. ಪರೀಕ್ಷಾ ಕಡತವನ್ನು ಪೂರ್ತಿ ಓಡಿಸಿ ನೋಡುವುದು. ಸಾಧ್ಯವಾದರೆ ಗೆಳೆಯರ ಕಂಪ್ಯೂಟರಿನಲ್ಲೂ ನೋಡುವುದು.

2. ಏನು ಬದಲಾಗಿದೆ ಎಂಬುದನ್ನು ಸರಳ ಭಾಷೆಯಲ್ಲಿ ಬರೆದಿಡುವುದು. ದೂರು ಕೊಟ್ಟವರನ್ನು ಅದರಲ್ಲಿ ನೆನೆಯುವುದು.

3. ಆವೃತ್ತಿಯ ಸಂಖ್ಯೆಯನ್ನು ಮೇಲಿನ ಕ್ರಮದಂತೆ ಏರಿಸುವುದು.

4. ಪರವಾನಗಿ ಪತ್ರ ಜೊತೆಗಿದೆಯೇ ಎಂದು ನೋಡುವುದು. ಮೂಲ ಸಂಕೇತ ಎಲ್ಲರ ಕಣ್ಣಿಗೆ ಬೀಳುವಂತಿದ್ದರೂ ಪರವಾನಗಿ ಇಲ್ಲದಿದ್ದರೆ ಇನ್ನೊಬ್ಬರಿಗೆ ಅದನ್ನು ತಿದ್ದುವ, ಹಂಚುವ ಹಕ್ಕು ಬರುವುದಿಲ್ಲ. ರಿಚರ್ಡ್ ಸ್ಟಾಲ್ಮನ್ 1989ರಲ್ಲಿ ರೂಪಿಸಿದ ‘ಜಿಪಿಎಲ್’ ಇಂಥ ಪರವಾನಗಿಗಳಲ್ಲಿ ಹೆಸರಾದದ್ದು.

5. ಹಳೆಯ ಆವೃತ್ತಿಯನ್ನು ಅಳಿಸದೆ ಉಳಿಸುವುದು. ಹೊಸದು ಕೈಕೊಟ್ಟರೆ ಬಳಸುವವರು ಹಳೆಯದಕ್ಕೆ ಮರಳಬಹುದು.

ಸೀಟಿ ಯಾರ ಕೈಯಲ್ಲಿ?

ಇಂಥ ಕೆಲಸ ನೋಡಿಕೊಳ್ಳುವವರನ್ನು ಇಂಗ್ಲಿಷಿನಲ್ಲಿ ‘ಮೇಂಟೇನರ್’ ಎನ್ನುತ್ತಾರೆ. ಕನ್ನಡದಲ್ಲಿ ನಿರ್ವಾಹಕ ಎಂದರೆ ಸರಿಹೋಗುತ್ತದೆ. ನಿರ್ವಾಹಕ ಎಂದೊಡನೆ ರಾಯಚೂರು–ದೇವದುರ್ಗ ಬಸ್ಸಿನ ಕಂಡಕ್ಟರ್ ನೆನಪಾದರೂ ತಪ್ಪಿಲ್ಲ. ಬಸ್ಸನ್ನು ಕಟ್ಟಿದವನು ಆತನಲ್ಲ, ಓಡಿಸುವವನೂ ಅಲ್ಲ. ಆದರೆ ಯಾರು ಹತ್ತಿದರು, ಯಾರು ಇಳಿದರು, ಬಾಗಿಲು ಹಾಕಿದೆಯೇ ಎಂದು ನೋಡಿ ಆತ ‘ರೈಟ್’ ಎನ್ನದೆ ಬಸ್ಸು ಕದಲುವುದಿಲ್ಲ. ತಂತ್ರಾಂಶದ ನಿರ್ವಾಹಕನೂ ಹಾಗೆಯೇ. ಬೇರೆಯವರು ಕಳಿಸಿದ ತಿದ್ದುಪಡಿಗಳನ್ನು ಓದಬೇಕು, ಒಳ್ಳೆಯದನ್ನು ಸೇರಿಸಿಕೊಳ್ಳಬೇಕು, ಬೇಡವಾದದ್ದಕ್ಕೆ ಮನ ನೋಯದಂತೆ ಇಲ್ಲ ಎನ್ನಬೇಕು. ಕೊನೆಗೆ ಬಿಡುಗಡೆಯ ಸೀಟಿ ಊದಬೇಕು.

ಆ ಸೀಟಿ ಒಬ್ಬನ ಜೇಬಿನಲ್ಲೇ ಉಳಿದರೆ ಏನಾಗುತ್ತದೆ? ಜಾವಾ ಭಾಷೆಗಾಗಿ ‘ಫೈಂಡ್‌ಬಗ್ಸ್’ ಎಂಬ ಪರೀಕ್ಷಕವೊಂದಿತ್ತು. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಬಿಲ್ ಪ್ಯೂ ಮತ್ತು ಡೇವಿಡ್ ಹೋವ್‌ಮೆಯರ್ ಕಟ್ಟಿದ ಇದನ್ನು ಜಗತ್ತಿನ ಎಷ್ಟೋ ಕಂಪನಿಗಳು ಬಳಸುತ್ತಿದ್ದವು. 2015ರ ಮಾರ್ಚಿನ ನಂತರ ಅದರ ಹೊಸ ಬಿಡುಗಡೆ ಬರಲಿಲ್ಲ. ಕೆಲಸ ಮಾಡಲು ಸಿದ್ಧರಿದ್ದವರಿದ್ದರು. ಆದರೆ ಯೋಜನೆಯ ಆಡಳಿತದ ಅಧಿಕಾರ ಒಬ್ಬರ ಬಳಿ ಮಾತ್ರ ಇತ್ತು, ಅವರ ಸಂಪರ್ಕ ಸಿಗಲಿಲ್ಲ. 2016ರಲ್ಲಿ ಉಳಿದವರು ‘ಈ ರೂಪದಲ್ಲಿ ಯೋಜನೆ ಮುಗಿದಂತೆ’ ಎಂದು ಸಾರಿ, ಅದೇ ಮೂಲ ಸಂಕೇತವನ್ನು ಎತ್ತಿಕೊಂಡು ‘ಸ್ಪಾಟ್‌ಬಗ್ಸ್’ ಎಂಬ ಹೊಸ ಹೆಸರಿನಲ್ಲಿ ಮುಂದುವರಿಸಿದರು. ವರ್ಷಗಟ್ಟಲೆ ದುಡಿದವರಿಗೆ ಬೇರೆ ಹೊಣೆಗಳು ಬರುವುದು ಸಹಜ. ಮುಕ್ತ ಪರವಾನಗಿ ಇದ್ದುದರಿಂದ ಕೆಲಸ ಉಳಿಯಿತು. ಕೀಲಿಕೈ ಇಬ್ಬರ ಬಳಿ ಇದ್ದಿದ್ದರೆ ಹೆಸರೂ ಉಳಿಯುತ್ತಿತ್ತು.

ಸೀಟಿ ಕಳ್ಳನ ಕೈಗೆ ಸಿಕ್ಕರೆ ಇನ್ನೂ ಕೆಡುಕು. 2018ರ ಜುಲೈ 12ರಂದು ಇಎಸ್‌ಲಿಂಟ್ ಬಳಗದ ನಿರ್ವಾಹಕರೊಬ್ಬರ ಖಾತೆಗೆ ಯಾರೋ ನುಗ್ಗಿ, ‘ಇಎಸ್‌ಲಿಂಟ್ ಸ್ಕೋಪ್’ ಎಂಬ ಭಾಗದ 3.7.2 ಸಂಖ್ಯೆಯ ನಕಲಿ ಬಿಡುಗಡೆಯನ್ನು ಹೊರಡಿಸಿದರು. ಅದನ್ನು ಹಾಕಿಕೊಂಡವರ ಗಣಕದಿಂದ ಗುಟ್ಟಿನ ಕೀಲಿಗಳನ್ನು ಅದು ಕದಿಯುತ್ತಿತ್ತು. ಕೆಲವೇ ಗಂಟೆಗಳಲ್ಲಿ ಬಳಸುವವರೇ ಅದನ್ನು ಪತ್ತೆ ಹಚ್ಚಿದ್ದರಿಂದ ಹಾನಿ ಮಿತಿಯಲ್ಲಿ ಉಳಿಯಿತು. ಕಾರಣ ಹುಡುಕಿದಾಗ ತಿಳಿದದ್ದು ತೀರ ಸಾಮಾನ್ಯ ಸಂಗತಿ: ಒಂದೇ ಪಾಸ್‌ವರ್ಡನ್ನು ಹಲವು ಕಡೆ ಬಳಸಲಾಗಿತ್ತು, ಎರಡನೆಯ ಹಂತದ ದೃಢೀಕರಣ ಇರಲಿಲ್ಲ. ಇದನ್ನು ಬಳಗವೇ ಮುಚ್ಚಿಡದೆ ಬರೆದು ಪ್ರಕಟಿಸಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆ ಬಿಡುಗಡೆಯ ಕೆಲಸಕ್ಕೂ ಒಪ್ಪುತ್ತದೆ. ಪ್ರತಿಯೊಂದು ಖಾತೆಗೂ ಬೇರೆ ಪಾಸ್‌ವರ್ಡ್, ಜೊತೆಗೆ ಫೋನಿಗೆ ಬರುವ ಎರಡನೆಯ ಸಂಕೇತ: ವಿದ್ಯಾರ್ಥಿ ಕಲಿಯಬೇಕಾದ ಮೊದಲ ಪಾಠ ಇದು.

ಕಟ್ಟುವುದಕ್ಕಿಂತ ಕಾಯುವುದು ಕಷ್ಟ ಎಂಬುದು ಮಾನ್ವಿ ಭಾಗದ ಜನಕ್ಕೆ ಹೊಸ ಮಾತೇನಲ್ಲ. ಅಲ್ಲಿಯ ಹೊಲಗಳಿಗೆ ನೀರು ತುಂಗಭದ್ರಾ ಎಡದಂಡೆ ಕಾಲುವೆಯದು. 1953ರಿಂದ ನಿಂತಿರುವ ತುಂಗಭದ್ರಾ ಅಣೆಕಟ್ಟೆಯಲ್ಲಿ 2024ರ ಆಗಸ್ಟ್ 10ರ ರಾತ್ರಿ 19ನೆಯ ಗೇಟಿನ ಸರಪಳಿ ಕಡಿದು ಗೇಟು ಕೊಚ್ಚಿಹೋಯಿತು. ಒಂದು ವಾರದಲ್ಲಿ ತಾತ್ಕಾಲಿಕ ಗೇಟು ಕೂರಿಸುವ ತನಕ ತುಂಬಿದ ಜಲಾಶಯದ ನೀರು ಹರಿದುಹೋಗುತ್ತಿತ್ತು. ಅಣೆಕಟ್ಟೆಯ ಕಲ್ಲು ಗಟ್ಟಿಯಾಗಿತ್ತು, ಸೋತದ್ದು ಸರಪಳಿ. ದೊಡ್ಡ ತಂತ್ರಾಂಶಗಳೂ ಇಂಥ ಸಣ್ಣ ಕೊಂಡಿಗಳ ಮೇಲೆ ನಿಂತಿವೆ. ಅವನ್ನು ವರ್ಷವರ್ಷವೂ ನೋಡಿಕೊಳ್ಳುವವರು ಬೇಕು.

ಪಾಲಕರು ಕೇಳುವ ಪ್ರಶ್ನೆ

‘ಇದರಿಂದ ದುಡ್ಡು ಬರುತ್ತದೆಯೇ?’ ಎಂದು ಪಾಲಕರು ಕೇಳುವುದು ನ್ಯಾಯವೇ. ನೇರ ಉತ್ತರ: ಬಹಳ ಸಲ ಬರುವುದಿಲ್ಲ. ಮುಕ್ತ ತಂತ್ರಾಂಶಗಳ ನಿರ್ವಾಹಕರಲ್ಲಿ ಬಹಳ ಮಂದಿ ಬಿಡುವಿನ ವೇಳೆಯಲ್ಲಿ, ಸಂಬಳವಿಲ್ಲದೆ ದುಡಿಯುವವರು. ಸ್ಥಿತಿ ಅಲ್ಪಸ್ವಲ್ಪ ಬದಲಾಗುತ್ತಿದೆ. ಬೆಂಗಳೂರಿನ ಝೆರೋಧಾ ಸಂಸ್ಥೆ 2024ರ ಅಕ್ಟೋಬರಿನಲ್ಲಿ, ಮುಕ್ತ ತಂತ್ರಾಂಶ ಯೋಜನೆಗಳಿಗೆ ವರ್ಷಕ್ಕೆ 10 ಲಕ್ಷ ಡಾಲರ್ ನೆರವು ನೀಡುವ ನಿಧಿಯೊಂದನ್ನು ಪ್ರಕಟಿಸಿತು. ಗೂಗಲ್ ಕಂಪನಿ 2005ರಲ್ಲಿ ಆರಂಭಿಸಿದ ‘ಸಮ್ಮರ್ ಆಫ್ ಕೋಡ್’ ಯೋಜನೆಯಲ್ಲಿ ಮುಕ್ತ ತಂತ್ರಾಂಶಕ್ಕೆ ಕೆಲಸ ಮಾಡುವ ಹೊಸಬರಿಗೆ ಗೌರವಧನ ಉಂಟು. ಆದರೆ ಇವುಗಳನ್ನು ನಂಬಿಕೊಂಡೇ ಯಾರೂ ಆರಂಭಿಸಬಾರದು.

ಬರುವ ಲಾಭ ಬೇರೆ ಬಗೆಯದು. ಪರೀಕ್ಷೆಯಲ್ಲಿ ಬರೆದ ಉತ್ತರ ಪತ್ರಿಕೆ ಕಟ್ಟಿನೊಳಗೆ ಸೇರಿಹೋಗುತ್ತದೆ. ಮುಕ್ತ ತಂತ್ರಾಂಶದಲ್ಲಿ ಮಾಡಿದ ಕೆಲಸ ದಿನಾಂಕ ಸಮೇತ ಎಲ್ಲರ ಕಣ್ಣೆದುರಿಗಿರುತ್ತದೆ. ದೂರು ಬಂದಾಗ ಹುಡುಗಿ ಹೇಗೆ ಉತ್ತರಿಸಿದಳು, ತಪ್ಪನ್ನು ಹೇಗೆ ಒಪ್ಪಿಕೊಂಡಳು, ಎಷ್ಟು ದಿನದಲ್ಲಿ ತಿದ್ದಿದಳು ಎಂಬುದನ್ನು ಕೆಲಸ ಕೊಡುವವರು ಓದಬಹುದು. ಊರಿನ ಹೆಸರು, ಕಾಲೇಜಿನ ಹೆಸರು ಅಲ್ಲಿ ಯಾರೂ ಕೇಳುವುದಿಲ್ಲ. ರಾಯಚೂರಿಗೆ 2019ರಲ್ಲಿ ಭಾರತೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆ ಬಂದಿರುವುದು ಸಂತೋಷದ ಸಂಗತಿ. ಅಲ್ಲಿ ಸೀಟು ಸಿಗದವರಿಗೂ ಈ ಬಾಗಿಲು ತೆರೆದಿದೆ. ಬೇಕಾದದ್ದು ಒಂದು ಸಾಧಾರಣ ಕಂಪ್ಯೂಟರ್, ಅಂತರಜಾಲ, ವಾರಕ್ಕೆ ಮೂರು ನಾಲ್ಕು ಗಂಟೆ.

ಹೊಸದನ್ನು ಬರೆಯುವ ಮುಂಚೆ ಇರುವುದಕ್ಕೆ ಕೈಜೋಡಿಸುವುದು ಒಳ್ಳೆಯ ಆರಂಭ. ಪೈಲಿಂಟ್‌ನಂಥ ಪರೀಕ್ಷಕವನ್ನು ತನ್ನ ಪ್ರೋಗ್ರಾಂಗಳ ಮೇಲೆ ಓಡಿಸಿ, ಸುಳ್ಳು ದೂರು ಕಂಡರೆ ಅದನ್ನು ನಾಲ್ಕೈದು ಸಾಲಿನ ಉದಾಹರಣೆಯೊಂದಿಗೆ ಅವರಿಗೆ ತಿಳಿಸಬಹುದು. ಯಾವ ಆವೃತ್ತಿ, ಏನು ಮಾಡಿದಾಗ, ಏನು ಬಂತು, ಏನು ಬರಬೇಕಿತ್ತು ಎಂದು ಬಿಡಿಸಿ ಬರೆಯುವುದೇ ಒಂದು ವಿದ್ಯೆ. ಕೈಪಿಡಿಯ ಒಂದು ಪುಟವನ್ನು ಕನ್ನಡಕ್ಕೆ ತರುವುದೂ ಕೆಲಸವೇ. ಪಾಲಕರು ಗಮನಿಸಬೇಕಾದದ್ದು ಒಂದಿದೆ: ಪರೀಕ್ಷೆಯ ತಿಂಗಳಲ್ಲಿ ‘ಈಗ ಆಗುವುದಿಲ್ಲ, ಮುಂದಿನ ತಿಂಗಳು ನೋಡುತ್ತೇನೆ’ ಎಂದು ಬರೆಯಲು ಮಕ್ಕಳಿಗೆ ಧೈರ್ಯ ಹೇಳಬೇಕು. ಊರಿಗೆ ಉಪಕಾರಿಯಾಗಲು ಹೋಗಿ ಓದನ್ನು ಕಳೆದುಕೊಳ್ಳಬಾರದು. ಕೀಲಿಕೈ ಹಂಚಿಕೊಳ್ಳಲು ನಂಬಿಕೆಯ ಇನ್ನೊಬ್ಬರಿದ್ದರೆ ಈ ಮಾತು ಹೇಳುವುದು ಸುಲಭ.

ಗಂಜ್‌ನಲ್ಲಿ ಒಳ್ಳೆಯ ಖರೀದಿದಾರನೆಂದು ರೈತರು ಹೆಸರಿಸುವುದು ಕಣ್ಣು ಮುಚ್ಚಿ ಎಲ್ಲ ಹತ್ತಿಯನ್ನೂ ಒಪ್ಪುವವನನ್ನಲ್ಲ. ಬೇಕೆಂದೇ ಕಸ ತೋರಿಸಿ ದರ ಇಳಿಸುವವನನ್ನಂತೂ ಅಲ್ಲ. ಇದ್ದ ಕಸವನ್ನು ಇದ್ದಷ್ಟೇ ಹೇಳುವವನ ಬಳಿಗೆ ಮರುವರ್ಷವೂ ಗಾಡಿ ತಿರುಗುತ್ತದೆ. ತಪ್ಪು ಹುಡುಕುವ ತಂತ್ರಾಂಶದ ನಿರ್ವಾಹಕನೂ ಗಳಿಸಬೇಕಾದದ್ದು ಆ ನಂಬಿಕೆಯನ್ನೇ. ಅದು 0.1.0ಕ್ಕೆ ಸಿಗುವುದಿಲ್ಲ, ಒಂದೊಂದು ದೂರನ್ನೂ ಕೇಳಿ, ಒಂದೊಂದು ಬಿಡುಗಡೆಯನ್ನೂ ನೋಡಿ ಕಳಿಸುತ್ತ ಹೋದರೆ ನಿಧಾನವಾಗಿ ಬರುತ್ತದೆ.